ಬಲಗೈಯಲ್ಲಿ ಮಚ್ಚಿತ್ತು

ನನ್ನ ಅಕ್ಕನ ನೆನಪಿನ ಶಕ್ತಿಯ ಬಗ್ಗೆ ನಮ್ಮ ಬಂಧುವರ್ಗದಲ್ಲಿ ಎರಡು ಮಾತಿಲ್ಲ. ಯಾರ ಮದುವೆಯಲ್ಲಿ ಪಾಯಸಕ್ಕೆ ಬೆಲ್ಲ ಸಾಲದೆ ಹೋಯಿತು, ಯಾವ ಹೆರಿಗೆಗೆ ಯಾರು ಬಂದು ನೋಡಲಿಲ್ಲ, ನನ್ನ ಮದುವೆಯ ದಿನ ನನ್ನ ಪಂಚೆ ಎಷ್ಟು ಹೊತ್ತಿಗೆ ಸಡಿಲವಾಯಿತು, ಎಲ್ಲವೂ ಆಕೆಗೆ ಗೊತ್ತು. ಗೊತ್ತಿರುವುದಷ್ಟೇ ಅಲ್ಲ, ಅದನ್ನು ಸರಿಯಾದ ಸಮಯದಲ್ಲಿ ತುಂಬಿದ ಸಭೆಯ ಮುಂದಿಡುವ ಕಲೆಯೂ ಗೊತ್ತು. ಆಕೆಗೆ ಎಪ್ಪತ್ತೊಂದು ವರ್ಷ, ನನಗಿಂತ ಐದು ವರ್ಷ ದೊಡ್ಡವಳು. ಯಳಂದೂರಿನ ಹತ್ತಿರದ ಹಳ್ಳಿಯಲ್ಲಿ ಮಗ ಸೊಸೆಯ ಜೊತೆ, ಸರಿಯಾಗಿ ಹೇಳಬೇಕೆಂದರೆ ಮಗ ಸೊಸೆ ಆಕೆಯ ಜೊತೆ, ಇದ್ದಾರೆ.

ನಾನು ನಿವೃತ್ತ ಕನ್ನಡ ಮೇಷ್ಟ್ರು. ಕೊಳ್ಳೇಗಾಲದಲ್ಲಿ ಮನೆ. ಕೆಲಸದಲ್ಲಿದ್ದಾಗ ಹನೂರು, ಯಳಂದೂರು, ಕೊಳ್ಳೇಗಾಲ ಮೂರೂ ಕಡೆ ವರ್ಗವಾಗಿ ಸುತ್ತಿ, ಈ ಸೀಮೆಯ ಎರಡು ತಲೆಮಾರಿನ ಕಾಗುಣಿತವನ್ನು ಕೆಂಪು ಶಾಯಿಯಿಂದ ತಿದ್ದಿದ್ದೇನೆ. ತಿದ್ದಿಸಿಕೊಂಡವರು ಈಗ ಎಲ್ಲ ಕಡೆ ಇದ್ದಾರೆ. ಒಬ್ಬ ನನ್ನ ಹಲ್ಲಿನ ವೈದ್ಯ. ಆತ ಇಕ್ಕಳ ಹಿಡಿದು ಬಾಯಿ ತೆರೆಯಲು ಹೇಳಿದಾಗಲೆಲ್ಲ ಹತ್ತನೇ ತರಗತಿಯಲ್ಲಿ ಅವನಿಗೆ ಕಳೆದ ಅಂಕಗಳು ನನಗೆ ನೆನಪಾಗುತ್ತವೆ, ಅವನಿಗೂ ಆಗುತ್ತಿರಬಹುದು. ಅಂಗಡಿಯ ಬೋರ್ಡಿನಲ್ಲಿ ಅಲ್ಪಪ್ರಾಣದ ಜಾಗದಲ್ಲಿ ಮಹಾಪ್ರಾಣ ಕಂಡರೆ ನನಗೆ ಈಗಲೂ ಊಟ ರುಚಿಸುವುದಿಲ್ಲ. ಜನ ಆಡುವ ಕನ್ನಡವನ್ನು ಬರೆಯುವಾಗ ನೆಟ್ಟಗೆ ಮಾಡುವುದು ನನ್ನ ಧರ್ಮವೆಂದು ನಾನು ನಂಬಿದ್ದೆ. ಈಗಲೂ ನಂಬುತ್ತೇನೆ, ಆದರೆ ಮೊದಲಿನಷ್ಟು ಗಟ್ಟಿಯಾಗಿ ಹೇಳುವುದಿಲ್ಲ. ಯಾಕೆಂಬುದನ್ನು ಬರೆಯಲು ಕೂತಿದ್ದೇನೆ.

ಹೋದ ವರ್ಷ ಕಬ್ಬು ಕಡಿಯುವ ಕಾಲ. ಅಕ್ಕನ ಮಗಳನ್ನು ಹನೂರಿಗೆ ಕೊಟ್ಟಿದೆ. ಆ ಮನೆಯಲ್ಲಿ ಮಗುವಿನ ನಾಮಕರಣ ಮುಗಿಸಿಕೊಂಡು ಮಾರನೆಯ ಬೆಳಿಗ್ಗೆ ಅಕ್ಕನೂ ನಾನೂ ಖಾಸಗಿ ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ಹೊರಟೆವು. ಅರ್ಧ ದಾರಿಯಲ್ಲಿ ಬಸ್ಸಿನ ಹಿಂದಿನ ಚಕ್ರ ಪಂಕ್ಚರ್ ಆಯಿತು. ಚಕ್ರ ಬದಲಿಸಲು ಇಬ್ಬರು ಸಾಕು. ಆದರೆ ಆ ಇಬ್ಬರಿಗೆ ಸಲಹೆ ಕೊಡಲು ಮಿಕ್ಕ ಮೂವತ್ತು ಮಂದಿಯೂ ಬೇಕಾಗುತ್ತಾರೆ. ಅವರೆಲ್ಲ ಆ ಜವಾಬ್ದಾರಿಯಲ್ಲಿ ಮುಳುಗಿದ್ದಾಗ ಅಕ್ಕ ನೆರಳು ಬೇಕೆಂದಳು. ಸ್ವಲ್ಪ ಹಿಂದೆ, ರಸ್ತೆಯ ತಿರುವಿನಾಚೆ, ಒಂದು ಹುಣಸೆ ಮರವಿತ್ತು. ನಾವಿಬ್ಬರೇ ಅಲ್ಲಿಗೆ ಹೋಗಿ ನಿಂತೆವು. ಮರದ ಹಿಂದೆ ಬಾಳೆ ತೋಟ.

ಬಾಳೆ ತೋಟದಿಂದ ಒಬ್ಬ ಬಂದ. ಕೈಯಲ್ಲಿ ಮಚ್ಚು. ನಮ್ಮ ಕಡೆ ಮಚ್ಚು ನೋಡಿ ಯಾರೂ ಹೆದರುವುದಿಲ್ಲ. ತೆಂಗಿನಕಾಯಿ ಸುಲಿಯಲು, ಸೌದೆ ಸೀಳಲು, ಬಾಳೆಗೊನೆ ಇಳಿಸಲು ಪ್ರತಿ ಮನೆಯಲ್ಲೂ ಒಂದು ಇರುತ್ತದೆ, ಸಾಮಾನ್ಯವಾಗಿ ಬಚ್ಚಲ ಒಲೆಯ ಪಕ್ಕ. ಆದರೆ ಬಚ್ಚಲ ಪಕ್ಕದ ಮಚ್ಚು ಬೇರೆ, ಎದೆಯ ಎತ್ತರಕ್ಕೆ ಎತ್ತಿ ಹಿಡಿದ ಮಚ್ಚು ಬೇರೆ. ಚೀಲ ಕೊಡವ್ವ ಎಂದು ಆತ ಕೇಳಿದ; ಧ್ವನಿಯಲ್ಲಿ ಒರಟುತನವೇನೂ ಇರಲಿಲ್ಲ, ಊಟದ ಪಂಕ್ತಿಯಲ್ಲಿ ಉಪ್ಪು ಕೇಳಿದ ಹಾಗಿತ್ತು. ಯಾಕಪ್ಪ ಎಂದು ಅಕ್ಕ ವಿಚಾರಿಸಿದಳು. ಆತ ಉತ್ತರವಾಗಿ ಮಚ್ಚನ್ನು ಇನ್ನೊಂದು ಗೇಣು ಮೇಲೆತ್ತಿದ. ಅಕ್ಕ ಚೀಲ ಕೊಟ್ಟಳು. ಆತ ಬಂದ ದಾರಿಯಲ್ಲೇ ಹೋದ. ಅರವತ್ತು ಹುಡುಗರ ಗಲಾಟೆಯನ್ನು ಒಂದೇ ಕೂಗಿಗೆ ಅಡಗಿಸುತ್ತಿದ್ದ ನನ್ನ ಗಂಟಲಿನಿಂದ ಆ ಹೊತ್ತು ಹೊರಟದ್ದು ಬಿಕ್ಕಳಿಕೆ.

ಚೀಲದಲ್ಲಿ ಇದ್ದದ್ದು ಅಕ್ಕನ ಮೊಬೈಲು, ಬೆಳ್ಳಿಯ ಕುಂಕುಮದ ಭರಣಿ, ಎಲೆ ಅಡಿಕೆ, ಮತ್ತು ನಾಮಕರಣದಲ್ಲಿ ಉಳಿದ ಎಂಟು ಒಬ್ಬಟ್ಟು. ಮೊಬೈಲು ಹೋದದ್ದಕ್ಕೆ ಮಗ ಬೇಸರಪಟ್ಟ, ಭರಣಿ ಹೋದದ್ದಕ್ಕೆ ಅಕ್ಕ ಬೇಸರಪಟ್ಟಳು. ಒಬ್ಬಟ್ಟಿನ ವಿಷಯದಲ್ಲಿ ಆಕೆಗೆ ಇದ್ದ ಚಿಂತೆ ಬೇರೆ: ಅದು ಅಂದು ಸಾಯಂಕಾಲದೊಳಗೆ ತಿನ್ನದಿದ್ದರೆ ಹಳಸುತ್ತದೆ, ಅವನಿಗೆ ಅಷ್ಟು ತಿಳಿಯುತ್ತದೋ ಇಲ್ಲವೋ.

ದೂರು ಕೊಡಲು ಠಾಣೆಗೆ ಹೋದೆವು. ಎದುರಿಗೆ ಕೂತಿದ್ದ ಕಾನ್‌ಸ್ಟೇಬಲ್ಲು ಎದ್ದು ನಿಂತು ನಮಸ್ಕಾರ ಹೇಳಿದ. ನನ್ನ ಶಿಷ್ಯ. ಅಕ್ಕ ತಂಬಿಗೆ ನೀರು ಕುಡಿದ ಮೇಲೆ, ದೂರನ್ನು ಅಕ್ಕ ಹೇಳಲಿ, ಮೇಷ್ಟ್ರೇ ಬರೆಯಲಿ, ಕೊನೆಗೆ ಅಕ್ಕ ಸಹಿ ಹಾಕಲಿ ಎಂದ. ಮೇಷ್ಟ್ರ ಎದುರಿಗೆ ಕನ್ನಡ ಬರೆಯುವ ಧೈರ್ಯ ತನಗಿನ್ನೂ ಬಂದಿಲ್ಲವೆಂದೂ ಸೇರಿಸಿದ. ನನಗೆ ಸಂತೋಷವಾಯಿತು. ಆ ಸಂತೋಷವೇ ಮುಂದಿನ ಅನಾಹುತಕ್ಕೆ ಮೊದಲ ಮೆಟ್ಟಿಲು.

ನಡೆದ ಸಂಗತಿಯನ್ನು ಬರೆದಾಯಿತು. ಮಚ್ಚನ್ನೂ ಬರೆದಾಯಿತು. ಆಮೇಲೆ ಶಿಷ್ಯ, ಆಸಾಮಿಯ ಚಹರೆ ಬೇಕು ಎಂದು ಒಂದೊಂದಾಗಿ ಕೇಳತೊಡಗಿದ. ಎತ್ತರ ಎಷ್ಟಿತ್ತು ಎಂದ.

“ಎಲ್ಡ್ ಗೇಣಿತ್ತು, ಇಡೀನೂ ಸೇರಿ” ಎಂದಳು ಅಕ್ಕ.

ಮಚ್ಚಿನ ಹಿಡಿಯೂ ಸೇರಿ ಎರಡು ಗೇಣು ಎಂದು ಅರ್ಥ. ಶಿಷ್ಯ ತಾಳ್ಮೆಯಿಂದ ವಯಸ್ಸು ಕೇಳಿದ.

“ಒಸದಲ್ಲ ಕಣಪ್ಪ. ಎಲ್ಡ್ ಮೂರ್ ಸಲ ಕುಲುಮೇಲಿ ತಟ್ಸವ್ರೆ. ತುದಿ ಒಂದು ಚೂರು ಮುಕ್ಕಾಗದೆ.”

ಬಣ್ಣ ಕೇಳಿದ. ಹಿಡಿಗೆ ಕಪ್ಪು ಸೈಕಲ್ ಟ್ಯೂಬು ಸುತ್ತಿದೆ, ಅಲಗಿನ ಮೇಲೆ ಬಾಳೆಸೊನೆಯ ಕರೆ ಒಣಗಿದೆ ಎಂಬ ಉತ್ತರ ಬಂತು. ಶಿಷ್ಯ ನನ್ನ ಮುಖ ನೋಡಿದ. ನಾನೂ ಸಾಕ್ಷಿಯಲ್ಲವೇ, ನನಗೇನು ಕಂಡಿತು? ನಾನು ಕಣ್ಣು ಮುಚ್ಚಿ ಗಂಭೀರವಾಗಿ ಯೋಚಿಸಿದೆ. ತುದಿ ಮುಕ್ಕಾಗಿದ್ದು ಕಂಡಿತು, ಟ್ಯೂಬು ಕಂಡಿತು, ಕರೆ ಕಂಡಿತು. ಅದರ ಹಿಂದೆ ಒಬ್ಬ ಮನುಷ್ಯ ಇದ್ದಿರಲೇಬೇಕು, ಮಚ್ಚು ತಾನಾಗಿ ನಡೆದು ಬರುವುದಿಲ್ಲ; ಆದರೆ ಅವನ ಮೀಸೆ, ಅಂಗಿ, ಮುಖ, ಯಾವುದೂ ಇರಲಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯಾಯಿತು. ಮಧ್ಯಮ ವಯಸ್ಸು, ಸಾಧಾರಣ ಮೈಕಟ್ಟು ಎಂದು ಬರೆದೆ. ಆ ಮಾತು ಈ ತಾಲ್ಲೂಕಿನ ಅರ್ಧ ಗಂಡಸರಿಗೆ ಹೊಂದುತ್ತದೆ.

ಶಿಷ್ಯ ಕೊನೆಯದಾಗಿ, “ಗುರುತು ಅಂತ ಏನಾರ ಕಂಡ್ತಾ ಅವ್ವ?” ಎಂದು ಕೇಳಿದ.

“ಬಲಗೈಲಿ ಮಚ್ಚಿತ್ತು” ಎಂದಳು ಅಕ್ಕ.

ನಾನು ಬರೆದೆ: “ಬಲಗೈಯಲ್ಲಿ ಮಚ್ಚೆಯಿತ್ತು.”

ಇಲ್ಲಿ ಸ್ವಲ್ಪ ವ್ಯಾಕರಣ ಹೇಳದೆ ವಿಧಿಯಿಲ್ಲ. ಮಚ್ಚು ಎಂಬುದರ ಮುಂದೆ ಇತ್ತು ಎಂಬುದು ಬಂದರೆ, ಉಕಾರ ಲೋಪವಾಗಿ ಮಚ್ಚಿತ್ತು ಎಂದಾಗುತ್ತದೆ. ಮೈಮೇಲಿನ ಕಪ್ಪು ಚುಕ್ಕೆಯಾದ ಮಚ್ಚೆಯ ಮುಂದೆ ಇತ್ತು ಬಂದರೆ, ನಡುವೆ ಯಕಾರ ಆಗಮವಾಗಿ ಮಚ್ಚೆಯಿತ್ತು ಎಂದಾಗಬೇಕು. ಇದು ಪುಸ್ತಕದ ಮಾತು. ನಮ್ಮ ಕಡೆಯ ಬಾಯಿಗೆ ಅಷ್ಟು ವ್ಯವಧಾನವಿಲ್ಲ. ಅದು ಮಚ್ಚಿಗೂ ಮಚ್ಚೆಗೂ ಸೇರಿಸಿ ಮಚ್ಚಿತ್ತು ಎಂದು ಹೇಳಿ ಮುಂದಿನ ಕೆಲಸ ನೋಡುತ್ತದೆ. ಕೇಳಿದ್ದು ಗುರುತು, ಗುರುತೆಂದರೆ ಮಚ್ಚೆ, ನರುಳ್ಳೆ, ಗಾಯದ ಕಲೆ. ಅಲ್ಲದೆ ಅಕ್ಕ ಆಗಲೇ ಮೂರು ಬಾರಿ ಮಚ್ಚಿನ ವಿಷಯ ಹೇಳಿದ್ದಳು, ನಾಲ್ಕನೆಯ ಬಾರಿ ಹೇಳಲಾರಳು ಎಂದು ಎಣಿಸಿದೆ. ಅಕ್ಕನ ವಿಷಯದಲ್ಲಿ ಹಾಗೆ ಎಣಿಸುವುದು ಅನುಭವವಿಲ್ಲದವರ ಲಕ್ಷಣ. ಆಕೆಗೆ ಆ ಮನುಷ್ಯನ ಗುರುತು ಮಚ್ಚೇ ಆಗಿತ್ತು. ನಾನು ಆಕೆಯ ಮಾತಿನಲ್ಲಿ ಬಿಟ್ಟುಹೋದ ಯಕಾರವನ್ನು ದಯಪಾಲಿಸಿ, ಕಬ್ಬಿಣದ ಮಚ್ಚನ್ನು ಚರ್ಮದ ಮಚ್ಚೆ ಮಾಡಿದೆ.

ಬರೆದದ್ದನ್ನು ಗಟ್ಟಿಯಾಗಿ ಓದಿದೆ. ಆ ಹೊತ್ತಿಗೆ ಅಕ್ಕ ಗೋಡೆಯ ಮೇಲಿನ ಕಳೆದುಹೋದವರ ಫೋಟೋಗಳನ್ನು ನೋಡುತ್ತಾ ಒಬ್ಬೊಬ್ಬರಿಗೂ ಮರುಗುತ್ತಿದ್ದಳು. ಸಹಿ ಮಾಡಿದಳು. ಅದರ ಕೆಳಗೆ ನಾನು, ಮೇಲ್ಕಂಡ ಎಲ್ಲವನ್ನೂ ಕಣ್ಣಾರೆ ಕಂಡಿರುತ್ತೇನೆ ಎಂದು ಬರೆದು ಸಹಿ ಮಾಡಿದೆ. ಶಿಷ್ಯ ಅಕ್ಷರ ಮುತ್ತಿನ ಹಾಗಿದೆ ಎಂದ.

ಮನೆಗೆ ಬಂದ ಮೇಲೆ ಈ ಮುಖ ಕಾಣದ ವಿಚಾರ ನನ್ನನ್ನು ಬಾಧಿಸಿತು. ಹಿಂದೆ ಹನೂರಿನಲ್ಲಿ ಕೆಲಸದಲ್ಲಿದ್ದಾಗ ಗೋಪಿನಾಥಂ ಬಸ್ಸಿನಲ್ಲಿ ಹೋಗುತ್ತಿದ್ದೆ. ಆ ಊರಿಗೆ ಇದ್ದದ್ದೇ ಒಂದೆರಡು ಬಸ್ಸು, ಅದರೊಳಗೆ ಬಾರದ ವಸ್ತುವಿಲ್ಲ. ಒಂದು ದಿನ ಒಬ್ಬ ಆಳೆತ್ತರದ ನಿಲುವುಗನ್ನಡಿ ತಂದು ಬಾಗಿಲ ಹತ್ತಿರ ಹಿಡಿದು ನಿಂತ. ದಾರಿಯಲ್ಲಿ ಎಲ್ಲೋ ಅವನು ಇಳಿದುಹೋದ, ಕನ್ನಡಿ ಬಸ್ಸಿನಲ್ಲೇ ಉಳಿಯಿತು. ಕಂಡಕ್ಟರು ಯಾರದಪ್ಪಾ ಇದು, ಎಂಥವನು ತಂದದ್ದು ಎಂದು ಕೇಳಿದರೆ ಬಸ್ಸು ತುಂಬ ಇದ್ದ ಜನರಲ್ಲಿ ಒಬ್ಬರಿಗೂ ಹೇಳಲು ಬರಲಿಲ್ಲ. ಕನ್ನಡಿಯ ಕಟ್ಟು ತೇಗದ್ದು, ಕೆಳಗಿನ ಮೂಲೆ ಸೀಳಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಅವನ ಮುಖ ಮಾತ್ರ ಯಾರೂ ನೋಡಿರಲಿಲ್ಲ. ಇಡೀ ದಾರಿ ಎಲ್ಲರೂ ನೋಡಿದ್ದು ಅವರವರ ಮುಖವನ್ನೇ. ಅಂದು ನಕ್ಕಿದ್ದೆ. ನಗುವವರ ಸಾಲಿನಲ್ಲಿದ್ದಾಗ ಇಂಥವು ತಮಾಷೆಯಾಗಿಯೇ ಇರುತ್ತವೆ.

ಮುಂದಿನ ಎರಡು ಮೂರು ವಾರ ನಾನು ಊರಿನಲ್ಲಿ ಗಣ್ಯ ವ್ಯಕ್ತಿಯಾದೆ. ಮಚ್ಚು ತೋರಿಸಿಕೊಂಡ ನಿವೃತ್ತ ಮೇಷ್ಟ್ರು ದಿನಾ ಸಿಗುವುದಿಲ್ಲ. ಕ್ಷೌರದ ಅಂಗಡಿಯಲ್ಲಿ ಹೇಳಿದೆ, ಹಲ್ಲಿನ ವೈದ್ಯನಿಗೆ ಹೇಳಿದೆ, ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಹೇಳಿದೆ. ಹೇಳುವಾಗ ಮಚ್ಚೆಯ ಭಾಗ ಬಂದರೆ ಕೇಳುವವರ ಕಣ್ಣು ಅಗಲವಾಗುತ್ತಿತ್ತು. ಹಾಗಾಗಿ ಮಚ್ಚೆಗೆ ಸ್ವಲ್ಪ ಹೆಚ್ಚು ಹೊತ್ತು ಕೊಡತೊಡಗಿದೆ. ಹೊತ್ತು ಕೊಟ್ಟಂತೆಲ್ಲ ಅದು ಸ್ಪಷ್ಟವಾಯಿತು. ಮೊದಲು ಬರಿಯ ಚುಕ್ಕೆ, ಆಮೇಲೆ ಹುಣಸೆ ಬೀಜದಷ್ಟು, ಆಮೇಲೆ ಅದರ ನಡುವೆ ಒಂದು ಕೂದಲು. ಇದನ್ನೆಲ್ಲ ನಾನು ಕಟ್ಟಿ ಹೇಳಿದೆನೆಂದು ತಿಳಿಯಬಾರದು. ನನಗೆ ಅದು ಕಾಣುತ್ತಿತ್ತು. ಕಣ್ಣು ಮುಚ್ಚಿದರೆ ಹುಣಸೆ ಮರ, ಬಾಳೆ ತೋಟ, ಮಚ್ಚು, ಮಚ್ಚು ಹಿಡಿದ ಕೈ, ಕೈಮೇಲೆ ಮಚ್ಚೆ.

ಒಂದು ದಿನ ಬೆಳಿಗ್ಗೆ ಶಿಷ್ಯ ಫೋನು ಮಾಡಿದ. ಆಸಾಮಿ ಸಿಕ್ಕಿರಬಹುದು, ಅಕ್ಕನನ್ನು ಕರೆದುಕೊಂಡು ಬನ್ನಿ, ಬಲಗೈಮೇಲೆ ಮಚ್ಚೆ ಇದೆ ಎಂದ. ನಾನು ಅಕ್ಕನ ಊರಿಗೆ ಹೋಗಿ ಆಕೆಯನ್ನು ಕರೆದುಕೊಂಡು ಮಧ್ಯಾಹ್ನದೊಳಗೆ ಠಾಣೆ ಸೇರಿದೆ. ದಾರಿಯುದ್ದಕ್ಕೂ ಬಸ್ಸಿನ ಸದ್ದಿನಲ್ಲಿ ಅಕ್ಕನಿಗೆ ಕೇಳಿಸಿದ್ದು, ಸಿಕ್ಕಿದ್ದಾನಂತೆ ಎಂಬ ಒಂದು ಮಾತು. ಮಚ್ಚೂ ಸಿಕ್ಕಿದೆಯೇ ಎಂದು ಕೇಳಿದಳು.

ಸಬ್ ಇನ್ಸ್‌ಪೆಕ್ಟರು ಹೆಣ್ಣುಮಗಳು, ಧಾರವಾಡದ ಕಡೆಯವರು, ಈ ಕಡೆಗೆ ಬಂದು ಇನ್ನೂ ಎರಡೇ ತಿಂಗಳಾಗಿತ್ತಂತೆ. ಅಕ್ಕನಿಗೆ ಕುರ್ಚಿ ಹಾಕಿಸಿ ವಿಷಯ ತಿಳಿಸಿದರು. ಆತ ಸತ್ತೇಗಾಲದವನು, ಟ್ರ್ಯಾಕ್ಟರ್ ಡ್ರೈವರ್. ಆ ದಿನ ಬೆಳಿಗ್ಗೆ ಹನೂರು ಕಡೆಯಿಂದ ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆಯುತ್ತಾ ಅದೇ ರಸ್ತೆಯಲ್ಲಿ ಇದ್ದ. ಅದನ್ನು ಅವನೇ ಹೇಳುತ್ತಾನೆ. ಇನ್ನೊಂದು ತೊಡಕಿದೆ ಎಂದು ಅವರು ಮೇಜಿನ ಮೇಲಿನ ಕಾಗದ ತೋರಿಸಿದರು. ಆತನಿಗೆ ಸರ್ಕಾರಿ ಬಸ್ಸಿನ ಚಾಲಕನಾಗಿ ಆಯ್ಕೆಯಾಗಿದೆ. ಅವನ ಮೇಲೆ ಯಾವ ಪ್ರಕರಣವೂ ಇಲ್ಲವೆಂದು ಪೊಲೀಸರು ಬರೆದು ಕಳಿಸಬೇಕು, ಅದಕ್ಕೆಂದು ಬೆಳಿಗ್ಗೆ ಠಾಣೆಗೆ ಬಂದಾಗಲೇ ಅವನ ಕೈಮೇಲಿನ ಮಚ್ಚೆ ಕಣ್ಣಿಗೆ ಬಿತ್ತು. ಕಳಿಸಲು ಮಾರನೆಯ ದಿನ ಕಡೆಯ ದಿನ. ಮಚ್ಚೆಯ ವಿಷಯ ಇರುವಾಗ ಹಾಗೆ ಬರೆಯಲು ತಮಗೆ ಮನಸ್ಸು ಬರುತ್ತಿಲ್ಲ, ಬರೆಯದಿದ್ದರೆ ಆತನ ಕೆಲಸ ಹೋಗುತ್ತದೆ. ಅವನು ಅರ್ಜಿ ಹಾಕಿದ್ದು ಇದು ಮೂರನೆಯ ಸಲವಂತೆ, ವಯೋಮಿತಿಗೆ ಇದೇ ಕೊನೆಯದಂತೆ.

ಆತ ಗೋಡೆಯ ಬದಿ ನಿಂತಿದ್ದ. ಒಗೆದು ಇಸ್ತ್ರಿ ಮಾಡಿದ ಬಿಳಿ ಅಂಗಿ. ಎಡಗೈಯಲ್ಲಿ ಒಂದು ಪ್ಲಾಸ್ಟಿಕ್ ಕವರು, ಅದರೊಳಗೆ ಲೈಸೆನ್ಸು, ಆಯ್ಕೆಯ ಪತ್ರ, ಅಂಕಪಟ್ಟಿ. ಬಲಗೈಯನ್ನು ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡಿದ್ದ. ಇಷ್ಟು ದಿನ ತನ್ನ ಪಾಡಿಗೆ ಇದ್ದ ಕೈಯನ್ನು ಎಲ್ಲರೂ ಬಗ್ಗಿ ನೋಡತೊಡಗಿದರೆ ಯಾರಾದರೂ ಅದನ್ನು ಬಚ್ಚಿಡುತ್ತಾರೆ.

ಅಕ್ಕನಿಗೆ ಅವನ ಮುಖ ನೋಡಲು ಹೇಳಿದರು. ಅಕ್ಕ ಕನ್ನಡಕ ಏರಿಸಿ ಸಾವಕಾಶವಾಗಿ ನೋಡಿದಳು. ನೋಡಿದಂತಿಲ್ಲ, ನೋಡಿದ್ದರೂ ಗೊತ್ತಾಗುವುದಿಲ್ಲ, ಅವನ ಮುಖದ ಕಡೆಗೆ ತನ್ನ ಗ್ಯಾನವೇ ಇರಲಿಲ್ಲ ಎಂದಳು. ಹಾಗಾದರೆ ಕೈ ನೋಡ್ರಿ ಎಂದರು ಸಬ್ ಇನ್ಸ್‌ಪೆಕ್ಟರು. ಆತ ಜೇಬಿನಿಂದ ಕೈ ತೆಗೆದು ಮೇಜಿನ ಅಂಚಿನ ಮೇಲಿಟ್ಟ, ತರಕಾರಿ ತಕ್ಕಡಿಯ ಮೇಲಿಟ್ಟ ಹಾಗೆ. ತೋರುಬೆರಳಿನ ಗಿಣ್ಣಿನ ಹಿಂದೆ ಒಂದು ಕಪ್ಪು ಮಚ್ಚೆ.

ನೋಡಿದ ಕೂಡಲೇ ನನಗೆ ಅದೇ ಎನಿಸಿತು.

ಅಕ್ಕ ಕೈಯನ್ನು ನೋಡಿದಳು, ಸಬ್ ಇನ್ಸ್‌ಪೆಕ್ಟರನ್ನು ನೋಡಿದಳು. “ಕೈಗೇನಾಗದೆ ತಾಯಿ?” ಎಂದಳು.

“ನೀವ ಬರೆಸೀರಲ್ರಿ ಅಮ್ಮಾರ. ಬಲಗೈಯಲ್ಲಿ ಮಚ್ಚೆಯಿತ್ತು ಅಂತ.”

ಅಕ್ಕ ನನ್ನ ಕಡೆ ತಿರುಗಿದಳು. “ಮಚ್ಚೆನಾ? ಯಾರ್ಲಾ ಮಚ್ಚೆ ಅಂದೋರು?”

ನೀನೇ ಹೇಳಿದೆಯಲ್ಲಕ್ಕ, ಬಲಗೈಲಿ ಮಚ್ಚಿತ್ತು ಅಂತ, ಎಂದೆ. ಹೇಳುವಾಗಲೇ ನನ್ನ ಕಿವಿಗೆ ನನ್ನ ಮಾತು ಬಿತ್ತು.

“ಊ ಕಣ್ಲಾ, ಮಚ್ಚಿತ್ತು. ಇಡಿಗೆ ಸೈಕಲ್ ಟೂಬ್ ಸುತ್ತಿದ್ರು. ಮಚ್ಚೆಗೆ ಯಾರಾರ ಟೂಬ್ ಸುತ್ತಾರಾ? ಇಷ್ಟ್ ವರ್ಸ ಇಸ್ಕೂಲಲ್ಲಿ ಮಕ್ಳಿಗೆ ಇದ್ನೇನ್ಲಾ ಏಳ್ಕೊಟ್ಟಿದ್ದು?”

ಶಿಷ್ಯ ಬಾಯಿಗೆ ಕೈ ಅಡ್ಡ ಇಟ್ಟು ಕೆಮ್ಮಿದ. ಬಹಳ ಹೊತ್ತು ಕೆಮ್ಮಿದ. ಸಬ್ ಇನ್ಸ್‌ಪೆಕ್ಟರಿಗೆ ಅರ್ಥವಾಗಲು ಸ್ವಲ್ಪ ಸಮಯ ಹಿಡಿಯಿತು. ಅವರ ಕಡೆ ಮೈಮೇಲಿನ ಗುರುತಿಗೆ ಮಚ್ಚಿ ಎನ್ನುತ್ತಾರಂತೆ. ಮಚ್ಚಿತ್ತು ಎಂದರೆ ಅವರ ಕಿವಿಗೆ ಬೇರೆ ಅರ್ಥವೇ ಹೊಳೆಯುವಂತಿರಲಿಲ್ಲ. ಶಿಷ್ಯ ಎರಡನ್ನೂ ಬಿಡಿಸಿ ವಿವರಿಸಿದ. ಲೋಪಸಂಧಿ ಎಂಬ ಪದವನ್ನೂ ಉಪಯೋಗಿಸಿದ. ಪರೀಕ್ಷೆಯಲ್ಲಿ ಅವನು ಆ ಪ್ರಶ್ನೆಯನ್ನು ಬಿಟ್ಟುಬಂದಿದ್ದನೆಂಬ ನೆನಪು ನನಗಿದೆ.

ಅಲ್ಲಿಗೆ ಮುಗಿಯಲಿಲ್ಲ. ಸಬ್ ಇನ್ಸ್‌ಪೆಕ್ಟರು ದೂರಿನ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ನನ್ನ ಕಡೆ ನೋಡಿದರು. ಅಕ್ಕ ಹೇಳಿದ್ದು ಮಚ್ಚು, ಅದು ಸರಿ. ಆದರೆ ನೀವು ಎಲ್ಲವನ್ನೂ ಕಣ್ಣಾರೆ ಕಂಡಿದ್ದೇನೆಂದು ಬೇರೆ ಸಹಿ ಹಾಕಿದ್ದೀರಿ. ಆಕೆಯ ಮಾತು ಬಿಡಿ, ನೀವು ಮಚ್ಚೆ ಕಂಡಿರೋ ಇಲ್ಲವೋ ಎಂದು ಕೇಳಿದರು. ಬಹಳ ನ್ಯಾಯವಾದ ಪ್ರಶ್ನೆ.

ನಾನು ಕಂಡಿದ್ದೆ. ಅದೇ ಕಷ್ಟ. ಕಾಣಲಿಲ್ಲ ಎಂದು ಹೇಳಿದರೆ ಸುಳ್ಳು ಹೇಳಿದ ಹಾಗೆ ಅನ್ನಿಸುತ್ತಿತ್ತು, ಏಕೆಂದರೆ ಆ ಗಳಿಗೆಯಲ್ಲೂ ಅದು ನನ್ನ ಕಣ್ಣ ಮುಂದೆ ಇತ್ತು, ಕೂದಲು ಸಮೇತ. ಆತ ನನ್ನನ್ನೇ ನೋಡುತ್ತಿದ್ದ. ಬೇಡಿಕೊಳ್ಳುವ ನೋಟವಲ್ಲ. ಲೆವೆಲ್ ಕ್ರಾಸಿಂಗಿನಲ್ಲಿ ಗೇಟು ತೆಗೆಯುವುದನ್ನು ಕಾಯುವವರು ಗೇಟಿನವನನ್ನು ನೋಡುತ್ತಾರಲ್ಲ, ಆ ನೋಟ.

ಕಣ್ಣು ಮುಚ್ಚಿದೆ. ಮಚ್ಚನ್ನು ಕರೆದೆ, ಬಂತು. ಎರಡು ಗೇಣು, ಕಪ್ಪು ಟ್ಯೂಬು, ಮುಕ್ಕಾದ ತುದಿ. ಮೊದಲ ದಿನ ಹೇಗಿತ್ತೋ ಹಾಗೇ, ಒಂದು ಕೂದಲೆಳೆಯಷ್ಟೂ ಅತ್ತಿತ್ತ ಆಗದೆ. ಆಮೇಲೆ ಮಚ್ಚೆಯನ್ನು ಕರೆದೆ. ಅದೂ ಬಂತು, ಆದರೆ ಎಲ್ಲಿ ಕೂರಬೇಕೆಂದು ಅದಕ್ಕೆ ತಿಳಿಯಲಿಲ್ಲ. ಕ್ಷೌರದ ಅಂಗಡಿಯಲ್ಲಿ ಹೇಳಿದಾಗ ಅದು ಮಣಿಕಟ್ಟಿನ ಹತ್ತಿರ ಇತ್ತು. ಹಲ್ಲಿನ ವೈದ್ಯನಿಗೆ ಹೇಳಿದಾಗ ಹೆಬ್ಬೆರಳಿನ ಬುಡದಲ್ಲಿ. ಈಗ, ಈ ಮನುಷ್ಯನ ಕೈ ನೋಡಿದ ಮೇಲೆ, ತೋರುಬೆರಳಿನ ಗಿಣ್ಣಿನ ಹಿಂದೆ ಹೋಗಿ ಕೂತುಕೊಂಡು, ಯಾವಾಗಲೂ ಇಲ್ಲೇ ಇದ್ದೆ ಎನ್ನುತ್ತಿತ್ತು. ನೋಡಿದ ವಸ್ತು ಹೀಗೆ ಅನುಕೂಲ ನೋಡಿಕೊಂಡು ಮನೆ ಬದಲಾಯಿಸುವುದಿಲ್ಲ. ನನ್ನ ಮಚ್ಚೆ ಹುಟ್ಟಿದ್ದು ಹುಣಸೆ ಮರದ ಕೆಳಗಲ್ಲ, ಇದೇ ಠಾಣೆಯ ಇದೇ ಮೇಜಿನ ಮೇಲೆ, ನನ್ನದೇ ಪೆನ್ನಿನ ತುದಿಯಲ್ಲಿ.

“ಬರೆದ ಮೇಲೆ ಕಂಡದ್ದು” ಎಂದೆ. “ಬರೆಯುವುದಕ್ಕೆ ಮುಂಚೆ ಕಂಡಿರಲಿಲ್ಲ.”

ಸಬ್ ಇನ್ಸ್‌ಪೆಕ್ಟರು ಅದನ್ನು ಬರೆದು ಕೊಡಲು ಹೇಳಿದರು. ಕಾಗದ ಬಂತು. ಜೀವಮಾನವೆಲ್ಲ ಇನ್ನೊಬ್ಬರ ತಪ್ಪಿಗೆ ಕೆಂಪು ಗೆರೆ ಎಳೆದವನು ತನ್ನ ತಪ್ಪಿಗೆ ತಾನೇ ನೀಲಿ ಶಾಯಿಯಲ್ಲಿ ಬರೆದೆ: ದೂರಿನ ಹನ್ನೆರಡನೆಯ ಸಾಲಿನಲ್ಲಿ ಮಚ್ಚೆಯಿತ್ತು ಎಂದಿರುವುದನ್ನು ಮಚ್ಚು ಇತ್ತು ಎಂದು ಓದಿಕೊಳ್ಳತಕ್ಕದ್ದು, ಸದರಿ ಆಸಾಮಿಯ ಕೈಮೇಲಾಗಲಿ ಮೈಮೇಲಾಗಲಿ ಯಾವುದೇ ಮಚ್ಚೆಯನ್ನು ನಾನಾಗಲಿ ನನ್ನ ಅಕ್ಕನಾಗಲಿ ಕಂಡಿರುವುದಿಲ್ಲ, ಮುಖವನ್ನೂ ಕಂಡಿರುವುದಿಲ್ಲ, ತಪ್ಪು ಬರೆದವನದು. ಶಿಷ್ಯ ನನ್ನ ಹೆಗಲ ಹಿಂದೆ ನಿಂತು ಓದುತ್ತಿದ್ದ. ಬಗ್ಗಿ, ಯಾರಿಗೂ ಕೇಳದ ಹಾಗೆ, “ಸಾ, ಮಚ್ಚುಗೆ ಚ ಒತ್ತು ಬುಟ್ಟೋಗದೆ” ಎಂದ. ನೋಡಿದೆ. ಬಿಟ್ಟುಹೋಗಿತ್ತು. ಮಚು ಎಂದು ಬರೆದಿದ್ದೆ. ಒತ್ತು ಕೊಟ್ಟೆ. ಅವನ ಮುಖದ ಮೇಲೆ ಆಗ ಮೂಡಿದ ಪ್ರಸನ್ನತೆಯನ್ನು ನಾನು ಹತ್ತನೇ ತರಗತಿಯಲ್ಲಿ ಒಂದು ದಿನವೂ ಕಂಡಿರಲಿಲ್ಲ.

ಸಬ್ ಇನ್ಸ್‌ಪೆಕ್ಟರು ಮೇಜಿನ ಮೇಲಿದ್ದ ಕಾಗದ ಎಳೆದುಕೊಂಡು ಯಾವ ಪ್ರಕರಣವೂ ಇಲ್ಲವೆಂದು ಬರೆದು, ಸಹಿ ಮಾಡಿ, ಮೊಹರು ಒತ್ತಿಸಿದರು. ಇವತ್ತೇ ಕಳಿಸುತ್ತೇವೆ, ಚಿಂತೆ ಮಾಡಬ್ಯಾಡ್ರಿ ಎಂದು ಆತನಿಗೆ ಹೇಳಿದರು. ನನ್ನ ತಿದ್ದುಪಡಿಯ ಒಂದು ಪ್ರತಿಗೆ ಮೊಹರು ಹಾಕಿ ಅಕ್ಕನ ಕೈಗೆ ಕೊಟ್ಟರು. ಮಚ್ಚಿನವನ ಹುಡುಕಾಟ ಮುಂದುವರಿಯುತ್ತದೆ ಎಂದರು. ಆತ ಇವತ್ತಿನವರೆಗೆ ಸಿಕ್ಕಿಲ್ಲ. ಅವನು ನಾಳೆ ನಮ್ಮ ಮನೆಗೆ ಬಂದು ಬಾಗಿಲು ತಟ್ಟಿದರೆ ನಾನು ಕೂರಿಸಿ ಕಾಫಿ ಕೊಟ್ಟೇನು. ಮಚ್ಚು ತಂದಿದ್ದರೆ ಮಾತ್ರ ಗುರುತು ಹಿಡಿದೇನು.

ಹೊರಗೆ ಬಂದೆವು. ಟ್ರ್ಯಾಕ್ಟರ್ ಡ್ರೈವರನೂ ಬಂದ. ಕ್ಷಮೆ ಕೇಳುವ ಒಳ್ಳೆಯ ವಾಕ್ಯಗಳು ನನ್ನಲ್ಲಿ ಹಲವಾರಿವೆ, ಪತ್ರಲೇಖನದ ಪಾಠದಲ್ಲಿ ಹೇಳಿಕೊಟ್ಟಿದ್ದೇನೆ. ಒಂದೂ ಬಾಯಿಗೆ ಬರಲಿಲ್ಲ. ಅಕ್ಕನಿಗೆ ಅಂಥ ತೊಂದರೆ ಇರಲಿಲ್ಲ. ಊಟ ಆಯಿತೇ ಎಂದು ಕೇಳಿದಳು. ಬೆಳಿಗ್ಗೆಯಿಂದ ಇಲ್ಲೇ ಇದ್ದೇನೆ ಎಂದ. ಅಕ್ಕ ನನ್ನ ಕಡೆ ಒಂದು ನೋಟ ನೋಡಿದಳು. ಮೂವರೂ ಎದುರಿನ ಹೋಟೆಲಿಗೆ ಹೋದೆವು. ಅಕ್ಕ ತನ್ನ ಎಲೆಯ ಚಪಾತಿಯನ್ನೂ ಅವನ ಕಡೆಗೆ ತಳ್ಳಿ, ಮನೆಯಲ್ಲಿ ಯಾರು ಯಾರು, ಮದುವೆ ಯಾವಾಗ, ಮಕ್ಕಳೆಷ್ಟು ಎಂದು ವಿಚಾರಣೆ ನಡೆಸಿದಳು. ಠಾಣೆಯಲ್ಲಿ ನಡೆದದ್ದಕ್ಕಿಂತ ಕಟ್ಟುನಿಟ್ಟಾದ ವಿಚಾರಣೆ. ಆತ ಎಲ್ಲಕ್ಕೂ ಉತ್ತರ ಕೊಟ್ಟ. ನನ್ನ ಮೇಲೆ ಸಿಟ್ಟು ತೋರಿಸಲಿಲ್ಲ, ಸಿಟ್ಟಿಲ್ಲ ಎಂದೂ ಹೇಳಲಿಲ್ಲ. ಕೈ ತೊಳೆದುಕೊಂಡು ಬಂದು, “ಸಾ, ಆ ಕಾಗ್ಜುದ್ದು ಒಂದು ಜೆರಾಕ್ಸ್ ನಂಗೂ ಬೇಕು” ಎಂದ.

ಜೆರಾಕ್ಸ್ ಅಂಗಡಿಯಲ್ಲಿ ಆತ ಪ್ರತಿಯನ್ನು ಕೈಗೆ ತೆಗೆದುಕೊಂಡು ಪದದ ಕೆಳಗೆ ಬೆರಳಿಡುತ್ತಾ ಪೂರ್ತಿ ಓದಿದ. ಓದಿಕೊಳ್ಳತಕ್ಕದ್ದು ಎಂಬಲ್ಲಿ ನಿಂತು ಹಾಗೆಂದರೇನು ಎಂದು ಕೇಳಿದ. ಹಾಗೆಯೇ ಓದಬೇಕು, ಬೇರೆ ರೀತಿ ಓದಕೂಡದು ಎಂದು ಅರ್ಥ ಎಂದೆ. ಓದುವವರು ಒಪ್ಪದಿದ್ದರೆ ಎಂದ. ಒಪ್ಪುತ್ತಾರೆ, ಠಾಣೆಯ ಮೊಹರಿದೆ ಎಂದೆ. ಆತ ಮೊಹರನ್ನು ಪರೀಕ್ಷಿಸಿದ, ನನ್ನ ಸಹಿಯನ್ನು ಪರೀಕ್ಷಿಸಿದ. ನನ್ನ ಸಹಿ ನೋಡಲು ಚೆಂದ, ಓದಲು ಬರುವುದಿಲ್ಲ.

“ಇದು ಯಾರ್ದು ಅಂತ ಗೊತ್ತಾಗಲ್ಲ ಸಾ. ಪಕ್ದಲ್ಲಿ ಎಸ್ರು ಬುಡ್ಸಿ ಬರೀರಿ. ಮೇಷ್ಟ್ರು ಅಂತ್ಲೂ ಆಕಿ.”

ಹೆಸರು ಬಿಡಿಸಿ ಬರೆದೆ. ನಿವೃತ್ತ ಕನ್ನಡ ಶಿಕ್ಷಕರು ಎಂದೂ ಬರೆದೆ. ಶಿಕ್ಷಕರು ಎಂಬಲ್ಲಿ ಕ್ಷ ಸ್ಪಷ್ಟವಾಗಿ ಬೀಳುವಂತೆ ಎಚ್ಚರ ವಹಿಸಿದೆ. ಆತ ಸಮಾಧಾನದಿಂದ ತಲೆಯಾಡಿಸಿ, ಅಂಗಡಿಯವನಿಗೆ ಅದನ್ನು ಕೊಟ್ಟು, ಲ್ಯಾಮಿನೇಷನ್ ಮಾಡಲು ಹೇಳಿದ. ಯಂತ್ರ ಬಿಸಿಯಾಗುವ ತನಕ ಮೂವರೂ ಬೆಂಚಿನ ಮೇಲೆ ಕೂತು ಕಾದೆವು. ನಾನು ಬರೆದದ್ದನ್ನು ಶಾಲಾ ಸಂಚಿಕೆಗಳಲ್ಲಿ ಅಚ್ಚು ಹಾಕಿದ್ದಾರೆ, ಬೀಳ್ಕೊಡುಗೆಯ ಮಾನಪತ್ರಗಳಿಗೆ ಚೌಕಟ್ಟು ಕಟ್ಟಿಸಿದ್ದಾರೆ. ಹೀಗೆ ನೀರು ಬಿದ್ದರೂ ಅಳಿಯಬಾರದೆಂದು ಯಾರೂ ಮುತುವರ್ಜಿ ವಹಿಸಿದ್ದಿಲ್ಲ. ಕಾಗದ ಯಂತ್ರದಿಂದ ಬೆಚ್ಚಗೆ ಹೊರಬಂತು. ಆತ ಅದನ್ನು ಆರುವವರೆಗೆ ಹಿಡಿದುಕೊಂಡಿದ್ದು, ಕವರಿನೊಳಗೆ ಆಯ್ಕೆಯ ಪತ್ರದ ಹಿಂದೆ ಸೇರಿಸಿ, ಟ್ರ್ಯಾಕ್ಟರ್ ನಿಲ್ಲಿಸಿ ಬಂದಿದ್ದೇನೆ ಬರುತ್ತೇನವ್ವ ಎಂದು ಅಕ್ಕನಿಗೆ ಕೈ ಮುಗಿದು ಹೊರಟ. ಎರಡು ಹೆಜ್ಜೆ ಹೋದವನು ಹಿಂದೆ ಬಂದು ನನಗೂ ಮುಗಿದ.